ಕೈಗುಣ, ಕಣ್ಣಳತೆ: ಕ್ಯಾಷುವಾಲ್ಟಿ ನರ್ಸ್‌ಗಳನ್ನು ಅಳೆಯುವ ಬಗೆ



ಮಾತಿಗೆ ಮುಂಚೆ ಒಂದು ಸಣ್ಣ ಕೆಲಸ ಕೊಡುತ್ತೇನೆ. ನಿಮ್ಮ ಪಕ್ಕದಲ್ಲಿ ಕೂತವರ ಉಸಿರು ಎಣಿಸಿ. ಪೂರ್ತಿ ಒಂದು ನಿಮಿಷ. ಷರತ್ತು ಒಂದೇ, ನೀವು ಎಣಿಸುತ್ತಿರುವುದು ಅವರಿಗೆ ಗೊತ್ತಾಗಬಾರದು.

ನೋಡಿ, ಆಗಲೇ ಕೆಟ್ಟಿತು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದೀರಿ. ಯಾರೋ ಎಣಿಸುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಉಸಿರಿನ ಲಯ ಬದಲಾಗುತ್ತದೆ. ಅದಕ್ಕೇ ನಮಗೆ ಕಲಿಸುವಾಗ ಹೇಳುತ್ತಿದ್ದರು: ನಾಡಿ ನೋಡಿ ಮುಗಿದರೂ ಕೈ ಬಿಡಬೇಡಿ, ಇನ್ನೂ ನಾಡಿಯನ್ನೇ ನೋಡುತ್ತಿದ್ದಾರೆ ಅಂತ ರೋಗಿ ಅಂದುಕೊಳ್ಳಲಿ, ಅಷ್ಟರಲ್ಲಿ ಎದೆಯ ಏರಿಳಿತ ಎಣಿಸಿಕೊಳ್ಳಿ. ನರ್ಸಿಂಗ್‌ನಲ್ಲಿ ನಾವು ಕಲಿತ ಮೊದಲ ಕಳ್ಳತನ ಇದು.

ಆದರೆ ಎಣಿಸುವವರು ಎಷ್ಟು ಜನ? ಹಳೆಯ ಕೇಸ್‌ಶೀಟುಗಳ ಕಟ್ಟು ಬಿಚ್ಚಿ ನೋಡಿ. ನಾಡಿ 88, 104, 112 ಎಂದು ಏರಿಳಿದಿರುತ್ತದೆ. ಬಿಪಿ ಬೇರೆ ಬೇರೆ ಇರುತ್ತದೆ. ಉಸಿರಾಟದ ಕಾಲಮ್ಮಿನಲ್ಲಿ ಮಾತ್ರ 20, 20, 20. ಬರೆದೂ ಬರೆದೂ ಬೇಸರವಾದರೆ 18. ಇಡೀ ವಾರ್ಡು ಒಂದೇ ತಾಳದಲ್ಲಿ ಉಸಿರಾಡುತ್ತಿದೆಯೇನೋ ಅನ್ನಿಸಬೇಕು. ಎಲ್ಲೋ ಯಾರೋ ಬರೆದರು ಎಂದು ನಗುತ್ತಿಲ್ಲ, ನಾನೂ ಬರೆದವಳೇ. ಸೇವೆಗೆ ಸೇರಿದ ಎರಡನೇ ವರ್ಷ, ಜ್ವರವೆಂದು ಬಂದ ಒಬ್ಬ ಗಾರೆ ಕೆಲಸದವನ ಹಾಳೆಯಲ್ಲಿ ರಾತ್ರಿ ಎರಡು ಸಲ 20 ಎಂದು ಬರೆದೆ. ಬೆಳಗಿನ ಡ್ಯೂಟಿಗೆ ಬಂದ ಹಿರಿಯ ಸಿಸ್ಟರ್ ಮಂಚದ ಕಾಲಬದಿ ನಿಂತು ಎಣಿಸಿದರು. 36. ನನ್ನ ಮುಖ ನೋಡಿದರೇ ಹೊರತು ಒಂದು ಮಾತೂ ಆಡಲಿಲ್ಲ. ಆತ ಮಧ್ಯಾಹ್ನದ ಹೊತ್ತಿಗೆ ತೀರಿಕೊಂಡ. ನಾನು ಸರಿಯಾಗಿ ಎಣಿಸಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಯಾರು ಹೇಳಬಲ್ಲರು? ಆದರೆ ಡಾಕ್ಟರನ್ನು ಕರೆಯಬೇಕಾಗಿದ್ದ ರಾತ್ರಿ ನಾನು ಕರೆಯಲಿಲ್ಲ, ಅದಂತೂ ನಿಜ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೋಗಿಯ ಸ್ಥಿತಿ ಬಿಗಡಾಯಿಸುವುದನ್ನು ಮೊದಲೇ ಹಿಡಿಯಲು ಒಂದು ಅಂಕಪಟ್ಟಿ ಹೊರತಂದಿತು. ಅದರಲ್ಲಿ ನಿಮಿಷಕ್ಕೆ 12ರಿಂದ 20 ಉಸಿರಿಗೆ ಸೊನ್ನೆ. 25 ಅಥವಾ ಅದಕ್ಕಿಂತ ಮೇಲಿದ್ದರೆ ಒಂದೇ ಏಟಿಗೆ 3. ನಾಡಿ, ಬಿಪಿ ಕೈಕೊಡುವುದಕ್ಕಿಂತ ಎಷ್ಟೋ ಮೊದಲೇ ಉಸಿರು ಸುಳಿವು ಕೊಟ್ಟಿರುತ್ತದೆ ಎಂಬ ಅನುಭವ ಆ ಅಂಕದ ಹಿಂದಿದೆ. ಯಂತ್ರ ಬೇಡ, ಖರ್ಚಿಲ್ಲ, ಗೋಡೆಯ ಗಡಿಯಾರ ಸಾಕು. ಆದರೂ ನಮ್ಮಲ್ಲಿ ಅತಿ ಹೆಚ್ಚು ಸುಳ್ಳು ಬರೆಯುವುದು ಆ ಕಾಲಮ್ಮಿನಲ್ಲೇ.

ಇಷ್ಟು ಹೇಳಿದ್ದು ಯಾಕೆಂದರೆ, ಇಂದಿನ ವಿಷಯದ ಗಂಟು ಅಲ್ಲೇ ಇದೆ. ಉಸಿರು ಎಣಿಸುವುದು ನನಗೆ ಬರುತ್ತಿತ್ತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಣಿಸಿ ತೋರಿಸಿ ಅಂಕ ತೆಗೆದುಕೊಂಡಿದ್ದೆ. ಆ ರಾತ್ರಿ ಮಾಡಲಿಲ್ಲ. ಹಾಗಾದರೆ ನಾನು ಸಮರ್ಥಳೋ ಅಸಮರ್ಥಳೋ?

ಕಾಂಪಿಟೆನ್ಸಿ ಎಂಬ ಪದಕ್ಕೆ ಕನ್ನಡದಲ್ಲಿ ಸಾಮರ್ಥ್ಯ, ಅರ್ಹತೆ, ನೈಪುಣ್ಯ ಎಂದು ಏನೇನೋ ಬರೆಯುತ್ತೇವೆ. ಸುತ್ತೋಲೆಗೆ ಸಾಕು. ಆದರೆ ನಮ್ಮ ರೋಗಿಗಳ ಹತ್ತಿರ ಅವರದೇ ಒಂದು ಮಾತಿದೆ: ಕೈಗುಣ. ‘ಆ ಸಿಸ್ಟರ್ ಕೈಗುಣ ಚೆನ್ನಾಗದೆ, ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ.’ ನರ ಸಿಗದ ಮಗುವಿನ ಕೈಗೆ ಒಂದೇ ಸಲಕ್ಕೆ ಕ್ಯಾನುಲಾ ಹಾಕುವವಳನ್ನು ನಾವೂ ಹಾಗೇ ಹೊಗಳುತ್ತೇವೆ. ತಪ್ಪೇನಿಲ್ಲ. ಆದರೆ ಕ್ಯಾಷುವಾಲ್ಟಿಯಲ್ಲಿ ಹತ್ತೊಂಬತ್ತು ವರ್ಷ ಕಳೆದ ಮೇಲೆ ನನಗೆ ಇನ್ನೊಂದು ಪದ ಹೆಚ್ಚು ಸರಿ ಎನಿಸಿದೆ. ಗಾರೆಯವರ, ದರ್ಜಿಯವರ, ಅಡುಗೆಯವರ ಪದ ಅದು: ಕಣ್ಣಳತೆ. ಬಾಗಿಲಲ್ಲಿ ಆರು ಜನ ನಿಂತಿರುವಾಗ, ಅರಚುತ್ತಿರುವ ಮೂವರನ್ನು ದಾಟಿ, ಮೂಲೆಯ ಬೆಂಚಿನಲ್ಲಿ ಬೆವರುತ್ತಾ ಸುಮ್ಮನೆ ಕೂತವನ ಕಡೆ ಮೊದಲು ಹೋಗುವ ಕಣ್ಣು. ನಮ್ಮ ಪರೀಕ್ಷೆಗಳೆಲ್ಲ ಕೈಗುಣವನ್ನು ಅಳೆಯುತ್ತವೆ. ಕಣ್ಣಳತೆಯನ್ನು ಅಳೆಯುವ ಗೋಜಿಗೆ ಹೋಗುವುದಿಲ್ಲ. ಇಂದು ನನ್ನ ತಕರಾರು ಇಷ್ಟೇ.

ವೈದ್ಯಶಿಕ್ಷಣದವರು ಈ ಸಮಸ್ಯೆಯನ್ನು ಕಂಡಿಲ್ಲವೆಂದಲ್ಲ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಒಂದು ಹೊಸ ಬಗೆಯ ಪರೀಕ್ಷೆ ತಂದರು. ಸಾಲಾಗಿ ಠಾಣೆಗಳು, ಪ್ರತಿ ಠಾಣೆಯಲ್ಲಿ ಒಂದು ಕೆಲಸ, ಗಂಟೆ ಬಾರಿಸಿದರೆ ಮುಂದಿನ ಠಾಣೆ. ಪರೀಕ್ಷಕರ ಕೈಯಲ್ಲಿ ಎಲ್ಲರಿಗೂ ಒಂದೇ ಚೆಕ್‌ಲಿಸ್ಟ್. ಓ.ಎಸ್.ಸಿ.ಇ. ಅಂತ ಅದರ ಹೆಸರು, ನಮ್ಮ ಹುಡುಗಿಯರ ಬಾಯಲ್ಲಿ ‘ಆಸ್ಕಿ’. ಪರಿಚಯದವಳು, ನಮ್ಮೂರಿನವಳು ಎಂದು ಅಂಕ ಹಾಕುವ ಹಳೆಯ ವೈವಾಗೆ ಹೋಲಿಸಿದರೆ ಅದು ದೊಡ್ಡ ನ್ಯಾಯ. ಬೆಂಗಳೂರಿನಲ್ಲಿ ಓದಿ ಇಂಗ್ಲೆಂಡಿಗೆ ಹೋಗುವ ನರ್ಸ್‌ಗಳು ಅಲ್ಲಿ ನೋಂದಣಿಯಾಗಬೇಕಾದರೆ ಈಗ ಹತ್ತು ಠಾಣೆಗಳ ಆಸ್ಕಿ ದಾಟಬೇಕು. ಅದಕ್ಕೆಂದೇ ಇಲ್ಲಿ ಕೋಚಿಂಗ್ ನಡೆಯುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ತಂದ ಬಿ.ಎಸ್ಸಿ. ಪಠ್ಯಕ್ರಮವೂ ಸಾಮರ್ಥ್ಯವನ್ನೇ ಆಧಾರ ಮಾಡಿಕೊಂಡು, ಈ ಬಗೆಯ ಪರೀಕ್ಷೆಗೂ ಸಿಮ್ಯುಲೇಶನ್ ಲ್ಯಾಬಿಗೂ ಜಾಗ ಕೊಟ್ಟಿದೆ.

ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ವೈದ್ಯಶಿಕ್ಷಣ ತಜ್ಞರು 1990ರಲ್ಲಿ ಒಂದು ಗೋಪುರದ ಚಿತ್ರ ಕೊಟ್ಟರು. ಬುಡದಲ್ಲಿ ‘ಗೊತ್ತಿದೆ’. ಅದರ ಮೇಲೆ ‘ಹೇಗೆ ಮಾಡಬೇಕೆಂದು ಗೊತ್ತಿದೆ’. ಅದರ ಮೇಲೆ ‘ಮಾಡಿ ತೋರಿಸುತ್ತಾಳೆ’. ತುದಿಯಲ್ಲಿ ಬರೀ ‘ಮಾಡುತ್ತಾಳೆ’. ಲಿಖಿತ ಪರೀಕ್ಷೆ ಕೆಳಗಿನ ಎರಡನ್ನು ಮುಟ್ಟುತ್ತದೆ. ಆಸ್ಕಿ ಮೂರನೆಯದರವರೆಗೆ ಏರುತ್ತದೆ. ನಾಲ್ಕನೆಯದು, ಯಾರೂ ನೋಡದಿರುವಾಗ ಬೆಳಗಿನ ಜಾವ ಮೂರಕ್ಕೆ ಮಾಡುವುದು, ಠಾಣೆಯಲ್ಲಿ ಸಿಗುವಂಥದ್ದಲ್ಲ. ನನ್ನ 20 ಎಂಬ ಸುಳ್ಳು ಕೂತಿದ್ದು ಮೂರಕ್ಕೂ ನಾಲ್ಕಕ್ಕೂ ನಡುವಿನ ಆ ಸಂದಿಯಲ್ಲಿ.

ಈಗ ಒಬ್ಬ ಹುಡುಗನ ಕಥೆ. ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆ, ಮುಂಗಾರು ಹಿಡಿದ ದಿನಗಳು. ನಸುಕಿನಲ್ಲಿ ಹನ್ನೆರಡು ವರ್ಷದ ಹುಡುಗನನ್ನು ಬೈಕಿನ ನಡುವೆ ಕೂರಿಸಿಕೊಂಡು ಅಪ್ಪ, ಚಿಕ್ಕಪ್ಪ ಬಂದರು. ಚಾಪೆ ಹಾಸಿ ನೆಲದ ಮೇಲೆ ಮಲಗಿದ್ದನಂತೆ. ಮಧ್ಯರಾತ್ರಿ ಎದ್ದು ಹೊಟ್ಟೆನೋವು ಅಂದ, ವಾಂತಿ ಮಾಡಿದ. ‘ಏನೋ ಚುರ್ ಅಂದಂಗಾಯ್ತು ಅಂತಾನೆ, ಏನೂ ಕಾಣಲಿಲ್ಲ’ ಎಂದರು. ಮೈಮೇಲೆ ಊತವಿಲ್ಲ, ಕಚ್ಚಿದ ಗುರುತೂ ಇಲ್ಲ. ನನ್ನ ಜೊತೆ ಇದ್ದವಳು ಸೇವೆಗೆ ಸೇರಿ ಎಂಟು ತಿಂಗಳಾದ ಹುಡುಗಿ, ಚುರುಕು. ಯಾರೂ ಹೇಳುವ ಮೊದಲೇ ಹಾವಿರಬಹುದೆಂದು ಎಣಿಸಿದಳು. ಇಪ್ಪತ್ತು ನಿಮಿಷದ ಪರೀಕ್ಷೆ ನಿಮಗೆಲ್ಲ ಗೊತ್ತು: 2 ಮಿಲಿಲೀಟರ್ ರಕ್ತ, ಒಣಗಿದ ಶುದ್ಧ ಗಾಜಿನ ಟ್ಯೂಬು. ಪ್ಲಾಸ್ಟಿಕ್ ನಡೆಯದು, ಸೋಪಿನ ಅಂಶ ಉಳಿದ ಟ್ಯೂಬೂ ನಡೆಯದು. ಅಲ್ಲಾಡಿಸದೆ ಇಟ್ಟು, ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಒಮ್ಮೆ ಓರೆ ಮಾಡಿ ನೋಡಬೇಕು. ಹುಡುಗಿ ಒಂದೂ ಬಿಡದೆ ಮಾಡಿದಳು. ಗಡಿಯಾರದ ಕೆಳಗೇ ಟ್ಯೂಬು ನಿಲ್ಲಿಸಿ, ಶುರುವಾದ ಹೊತ್ತನ್ನು ಪ್ಲಾಸ್ಟರ್ ಚೂರಿನ ಮೇಲೆ ಬರೆದು ಅಂಟಿಸಿದ್ದಳು. ರಕ್ತ ಹೆಪ್ಪುಗಟ್ಟಿತು. ‘ನಾರ್ಮಲ್’ ಎಂದು ಬರೆದು ನಿಟ್ಟುಸಿರುಬಿಟ್ಟಳು.

ಆಗ ನೆಲ ಒರೆಸುತ್ತಿದ್ದ ಆಯಮ್ಮ ಕೇಳಿದಳು: ‘ಯಾಕವ್ವಾ ಈ ಕೂಸು ಗದ್ದ ಎತ್ತಿ ಎತ್ತಿ ನೋಡ್ತದೆ?’

ನಾನು ತಿರುಗಿ ನೋಡಿದೆ. ಹುಡುಗ ಅಪ್ಪನ ಮುಖ ನೋಡಲು ತಲೆಯನ್ನೇ ಹಿಂದಕ್ಕೆ ವಾಲಿಸುತ್ತಿದ್ದ. ಹಣೆ ಸುಕ್ಕುಗಟ್ಟಿತ್ತು. ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ನಿದ್ದೆಗಣ್ಣೆಂದು ನಾವಿಬ್ಬರೂ ಬಿಟ್ಟಿದ್ದೆವು. ಕಟ್ಟುಹಾವಿನ ವಿಷ ನರಗಳ ಮೇಲೆ ಏರುತ್ತದೆ, ರಕ್ತದ ಗೊಡವೆಗೆ ಹೋಗುವುದಿಲ್ಲ. ಹೆಪ್ಪುಗಟ್ಟುವ ಪರೀಕ್ಷೆ ಕೊಳಕುಮಂಡಲಕ್ಕೆ ಸರಿ, ಇದಕ್ಕಲ್ಲ. ‘ಒಂದೇ ಉಸಿರಲ್ಲಿ ಎಣಿಸು ಮಗಾ, ಎಲ್ಲಿವರೆಗೆ ಹೋಗ್ತೀಯ ನೋಡೋಣ’ ಎಂದೆ. 22ರವರೆಗೆ ಹೋದ. ಡ್ಯೂಟಿ ಡಾಕ್ಟರು ಬಂದು ವಿಷನಿರೋಧಕದ ಸೀಸೆಗಳನ್ನು ಬಿಚ್ಚಿಸುವ ಹೊತ್ತಿಗೆ 15. ಆಮೇಲೆ 9. ಅರಿವಳಿಕೆ ಡಾಕ್ಟರನ್ನು ಮನೆಯಿಂದ ಕರೆಸಿ ಗಂಟಲಿಗೆ ಕೊಳವೆ ಇಳಿಸಿದರು. ಜಿಲ್ಲಾಸ್ಪತ್ರೆಯವರೆಗೂ ಆಂಬುಲೆನ್ಸಿನಲ್ಲಿ ಮೊಣಕಾಲೂರಿ ಅಂಬು ಬ್ಯಾಗ್ ಒತ್ತುತ್ತಾ ಹೋದವಳು ಆ ಎಂಟು ತಿಂಗಳ ಹುಡುಗಿಯೇ. ಹುಡುಗ ಉಳಿದ.

ಅವಳಿಗೆ ಎಷ್ಟು ಅಂಕ? ಗಾಜಿನ ಟ್ಯೂಬಿನ ಚೆಕ್‌ಲಿಸ್ಟ್ ಕೈಯಲ್ಲಿ ಹಿಡಿದು ನಾನು ಠಾಣೆಯಲ್ಲಿ ಕೂತಿದ್ದರೆ ಹತ್ತಕ್ಕೆ ಹತ್ತು ಹಾಕಿ ಮುಂದಕ್ಕೆ ಕಳಿಸುತ್ತಿದ್ದೆ. ಆಯಮ್ಮನಿಗೆ ಅಂಕ ಹಾಕುವ ಕಾಲಮ್ಮೇ ಇಲ್ಲ. ಕೈ ಮಾಡಿದ ಕೆಲಸವನ್ನು ಕೇಳಿದೆವೇ ಹೊರತು ‘ಇದು ನಾರ್ಮಲ್ ಬಂದರೆ ನಿನಗೆ ಏನು ಗೊತ್ತಾದಂತಾಯಿತು? ಏನು ಇನ್ನೂ ಗೊತ್ತಾಗಿಲ್ಲ?’ ಎಂದು ಕೇಳಲಿಲ್ಲ. ಆ ಒಂದು ಪ್ರಶ್ನೆ ಇದ್ದರೆ ಚೆಕ್‌ಲಿಸ್ಟ್ ಪರೀಕ್ಷೆಯಾಗುತ್ತದೆ, ಇಲ್ಲದಿದ್ದರೆ ಅದು ಅಂಗಡಿಯ ಸಾಮಾನಿನ ಚೀಟಿ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ಸಂತೋಷ. ವರದಿ ಆಗಬೇಕಾದರೆ ಮೊದಲು ಅದು ಹಾವೆಂದು ಹೊಳೆಯಬೇಕಲ್ಲ.

ಅಮೆರಿಕದ ಪೆಟ್ರಿಷಿಯಾ ಬೆನ್ನರ್ 1984ರಲ್ಲಿ ನರ್ಸ್‌ಗಳ ಬೆಳವಣಿಗೆಯನ್ನು ಹೊಸಬಳಿಂದ ನುರಿತವಳವರೆಗೆ ಐದು ಮೆಟ್ಟಿಲಾಗಿ ವಿವರಿಸಿದರು. ಆ ಮೆಟ್ಟಿಲುಗಳನ್ನು ಡ್ರೈಫಸ್ ಸೋದರರಿಂದ ಪಡೆದಿದ್ದರು. ಸೋದರರು ಗಮನಿಸಿದ್ದು ಪೈಲಟ್‌ಗಳನ್ನು, ಚದುರಂಗದ ಆಟಗಾರರನ್ನು. ಹೊಸಬಳು ನಿಯಮ ಹಿಡಿದು ನಡೆಯುತ್ತಾಳೆ. ಒಂದೇ ಬಗೆಯ ರೋಗಿಗಳ ನಡುವೆ ಎರಡು ಮೂರು ವರ್ಷ ಕಳೆದವಳು ಯಾವುದು ಮೊದಲು ಯಾವುದು ಆಮೇಲೆ ಎಂದು ತೂಗುತ್ತಾಳೆ. ನುರಿತವಳಿಗೆ ಇಡೀ ಚಿತ್ರ ಒಮ್ಮೆಗೇ ಕಾಣುತ್ತದೆ, ಯಾಕೆಂದು ಕೇಳಿದರೆ ತಡವರಿಸುತ್ತಾಳೆ. ‘ಯಾಕೋ ಸರಿ ಕಾಣ್ತಿಲ್ಲ ಸಾರ್, ಒಂಚೂರು ಬನ್ನಿ.’ ಈ ಮಾತನ್ನು ನಾನು ನೂರಾರು ಸಲ ಆಡಿದ್ದೇನೆ, ಕೆಲವು ಸಲ ಬೈಸಿಕೊಂಡೂ ಇದ್ದೇನೆ.

ಬೆನ್ನರ್ ಹೇಳಿದ್ದರಲ್ಲಿ ನಮ್ಮ ಆಡಳಿತ ಓದಬೇಕಾದ ಸಾಲು ಬೇರೆಯದು. ಒಂದು ವಾರ್ಡಿನಲ್ಲಿ ನುರಿತವಳನ್ನು ಎತ್ತಿ ಗುರುತಿಲ್ಲದ ವಾರ್ಡಿಗೆ ಹಾಕಿದರೆ ಆಕೆ ಮತ್ತೆ ಮೊದಲ ಮೆಟ್ಟಿಲಿಗೆ ಇಳಿಯುತ್ತಾಳೆ. ನಮ್ಮಲ್ಲಿ ಕ್ಯಾಷುವಾಲ್ಟಿಯಲ್ಲಿ ಪಳಗಿದವಳನ್ನು ಹೆರಿಗೆ ವಾರ್ಡಿಗೆ, ಅಲ್ಲಿಂದ ಓಟಿಗೆ, ಅಲ್ಲಿಂದ ಸ್ಟೋರಿಗೆ ತಿರುಗಿಸುತ್ತಾರೆ. ಎಲ್ಲವೂ ಎಲ್ಲರಿಗೂ ಬರಲಿ ಎಂಬ ವಾದ. ಎಲ್ಲರಿಗೂ ಎಲ್ಲವೂ ಅಷ್ಟಷ್ಟೇ ಬರುತ್ತದೆ. ಪರಿಷತ್ತು ತುರ್ತು ಮತ್ತು ವಿಪತ್ತು ನರ್ಸಿಂಗ್‌ನಲ್ಲಿ ಒಂದು ವರ್ಷದ ಡಿಪ್ಲೊಮಾ ಇಟ್ಟಿದೆ. ಅದನ್ನು ಓದಿ ಬಂದವರು ಚರ್ಮರೋಗದ ಒಪಿಡಿಯಲ್ಲಿ ಚೀಟಿ ಹರಿಯುತ್ತಿರುವುದನ್ನು ನಾನು ಕಂಡಿದ್ದೇನೆ.

ಅಳೆಯುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ಮೊದಲಿಗೆ, ರೋಗಿಯ ಹತ್ತಿರವೇ ನಿಂತು ಅಳೆಯಿರಿ. ಹದಿನೈದು ನಿಮಿಷ ಸಾಕು. ನಿಜವಾದ ಒಬ್ಬ ರೋಗಿ ಬಾಗಿಲು ದಾಟಿದ್ದರಿಂದ ಹಿಡಿದು ಡಾಕ್ಟರಿಗೆ ಒಪ್ಪಿಸುವವರೆಗೆ ನೋಡುವುದು, ಆಮೇಲೆ ಪಕ್ಕಕ್ಕೆ ಕರೆದು ಕೇಳುವುದು: ಏನು ಕಂಡಿರಿ, ಅದರಿಂದ ಏನೆಂದುಕೊಂಡಿರಿ, ಏನು ಮಾಡಿದಿರಿ, ಈಗ ಯೋಚಿಸಿದರೆ ಬೇರೆ ಏನು ಮಾಡುತ್ತಿದ್ದಿರಿ. ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನರ್ಸ್‌ಗಳ ತೀರ್ಮಾನಶಕ್ತಿಯನ್ನು ಈ ನಾಲ್ಕು ಹೆಜ್ಜೆಗಳಲ್ಲೇ ಬಿಡಿಸಿಟ್ಟರು. ಕಣ್ಣಳತೆಯನ್ನು ಅಳೆಯಲಾಗದು ಎನ್ನುವವರಿಗೆ ಅದು ಒಳ್ಳೆಯ ಉತ್ತರ. ಒಬ್ಬ ಪರೀಕ್ಷಕರು ಒಂದು ಸಲ ನೋಡಿ ಹೇಳುವುದು ಸಾಲದು. ಬೇರೆ ಬೇರೆಯವರು ಬೇರೆ ಬೇರೆ ರೋಗಿಗಳ ಜೊತೆ ಐದಾರು ಸಲ ನೋಡಿದರೆ ವ್ಯಕ್ತಿಯ ಚಿತ್ರ ಮೂಡುತ್ತದೆ. ನೋಡುತ್ತಿದ್ದಾರೆಂದು ಗೊತ್ತಾದರೆ ನಡೆ ಬದಲಾಗುತ್ತದಲ್ಲ ಎನ್ನುತ್ತೀರಿ. ಬದಲಾಗುತ್ತದೆ, ನೀವೀಗ ಉಸಿರು ಬಿಗಿಹಿಡಿದ ಹಾಗೆ. ಅದಕ್ಕೇ ಹಿಂದಿನ ತಿಂಗಳ ಹಾಳೆಗಳನ್ನೂ ತೆಗೆದು ನೋಡಬೇಕು. ಕಾಲಮ್ಮಿನಲ್ಲಿ 20, 20, 20 ಇದೆಯೋ, 22, 28, 31 ಇದೆಯೋ. ಎದೆನೋವಿನವರು ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಿದೆಯೋ. ಯಾವ ಹೊತ್ತಿಗೆ ಡಾಕ್ಟರಿಗೆ ತಿಳಿಸಿದರೆಂದು ಬರೆದಿದೆಯೋ. ಯಾರೂ ನೋಡದಾಗ ನಡೆದದ್ದರ ಗುರುತು ಆ ಹಾಳೆಗಳಲ್ಲಿ ಮಾತ್ರ ಸಿಗುತ್ತದೆ.

ನಮ್ಮ ಊರುಗಳಲ್ಲಿ ಬರುವ ಕಾಯಿಲೆಯನ್ನೇ ಪ್ರಶ್ನೆ ಮಾಡಿ. ಕೀಟನಾಶಕ ಕುಡಿದವರನ್ನು ನೋಡದ ಕ್ಯಾಷುವಾಲ್ಟಿ ಕರ್ನಾಟಕದ ಹಳ್ಳಿಗಾಡಿನಲ್ಲಿ ಇದೆಯೇ? ಅಟ್ರೋಪಿನ್ ಎಷ್ಟು ಸಾಕು ಎಂದು ಹೇಳುವುದು ಎದೆಯ ಗೊರಗೊರ ನಿಂತಿತೇ, ನಾಡಿ 80 ದಾಟಿತೇ, ಕಣ್ಣಪಾಪೆ ಸೂಜಿಮೊನೆಯಿಂದ ಹಿಗ್ಗಿತೇ ಎಂಬುದು. ಜೊತೆಗೆ ಕಂಕುಳು ಒಣಗಿತೇ? ಅದನ್ನು ಮಾನಿಟರ್ ತೋರಿಸುವುದಿಲ್ಲ, ಕೈ ಹಾಕಿ ಮುಟ್ಟಬೇಕು. ಹೆಚ್ಚಾದರೆ ಮೈ ಸುಡುತ್ತದೆ, ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾನೆ, ಡ್ರಿಪ್ ಕಿತ್ತುಹಾಕುತ್ತಾನೆ. ಕೈಕಾಲು ಕಟ್ಟಿಹಾಕುವ ಮೊದಲು ಇದು ಔಷಧಿಯ ಕೆಲಸವೇ ಎಂದು ಯೋಚಿಸುವವಳನ್ನು ಪತ್ತೆ ಮಾಡುವ ಪರೀಕ್ಷೆ ಬೇಕು.

ಇನ್ನು ಭಾಷೆ. ಇದನ್ನು ಸಾಫ್ಟ್ ಸ್ಕಿಲ್ ಎಂದು ಕೊನೆಯ ಪುಟಕ್ಕೆ ತಳ್ಳುತ್ತಾರೆ, ನನಗೆ ಸಿಟ್ಟು ಬರುತ್ತದೆ. ಎದೆನೋವಿನ ರೋಗಿ ‘ಎದೆನೋವು’ ಎಂದು ಹೇಳುವುದೇ ಅಪರೂಪ. ಮೈಸೂರಿನ ಕಡೆಯ ಅಜ್ಜಿ ‘ಸಂಕಟ ಕಣವ್ವ’ ಎನ್ನುತ್ತಾಳೆ. ಕಲಬುರಗಿಯ ಕಡೆಯವರು ‘ಎದ್ಯಾಗ ಕಸಿವಿಸಿ, ದಮ್ಮ ಹತ್ತತದ’ ಎನ್ನುತ್ತಾರೆ. ನಗರದವರು ‘ಗ್ಯಾಸ್ ಆಗಿದೆ’ ಎಂದು ತೀರ್ಪನ್ನೇ ಕೊಟ್ಟುಬಿಡುತ್ತಾರೆ. ಸಕ್ಕರೆ ಕಾಯಿಲೆಯ ಹೆಂಗಸಿನ ‘ಸಂಕಟ’ ಕೇಳಿದ ಕೂಡಲೇ ಇಸಿಜಿ ಎಳೆಯುವುದು ಕ್ಲಿನಿಕಲ್ ಸಾಮರ್ಥ್ಯವಲ್ಲದೆ ಮತ್ತೇನು? ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಈಗ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಅದು ಸೀಸೆಯಿಂದ ಹೊರಬರಬೇಕಾದರೆ ಯಾರಾದರೂ ಮೊದಲು ಆ ಮಾತನ್ನು ಅರ್ಥ ಮಾಡಿಕೊಳ್ಳಬೇಕು. ಕೇರಳದಿಂದ, ಈಶಾನ್ಯದಿಂದ ಬಂದ ಹುಡುಗಿಯರನ್ನು ದೂರುತ್ತಿಲ್ಲ. ಆರೇ ತಿಂಗಳಲ್ಲಿ ಆಯಮ್ಮಂದಿರ ಹತ್ತಿರ ಕನ್ನಡ ಕಲಿತು, ನನಗಿಂತ ಚೆನ್ನಾಗಿ ಅಜ್ಜಿಯರನ್ನು ಮಾತಾಡಿಸಿದವರನ್ನು ಬಲ್ಲೆ. ಪರೀಕ್ಷೆಯಲ್ಲಿ ಅದನ್ನು ಕೇಳಿ, ಅಂಕ ಕೊಡಿ, ಕಲಿಯಲು ಸಮಯವನ್ನೂ ಕೊಡಿ ಎನ್ನುತ್ತಿದ್ದೇನೆ.

ಹೃದಯ ನಿಂತವರಿಗೆ ಎದೆ ಒತ್ತುವ ವಿದ್ಯೆಯ ಬಗ್ಗೆ ಎರಡು ಮಾತು. ನಿಮಿಷಕ್ಕೆ 100ರಿಂದ 120, ಆಳ ಕನಿಷ್ಠ 5 ಸೆಂಟಿಮೀಟರ್, ಪಾಸಾದವರ ಕಾರ್ಡಿಗೆ ಎರಡು ವರ್ಷದ ಆಯುಸ್ಸು. ವಿದ್ಯೆ ಮಾತ್ರ ಕೆಲವೇ ತಿಂಗಳಲ್ಲಿ ಮಸುಕಾಗತೊಡಗುತ್ತದೆ. ತರಬೇತಿಯ ಬೊಂಬೆ ಇರುವುದು ಗಟ್ಟಿ ನೆಲದ ಮೇಲೆ, ರೋಗಿ ಇರುವುದು ತಗ್ಗುವ ಹಾಸಿಗೆಯ ಮೇಲೆ. ಒಮ್ಮೆ ನಮ್ಮಲ್ಲಿ ನಡುರಾತ್ರಿ ತಿಳಿಸದೆ ಒಂದು ಅಣಕು ಪ್ರಯೋಗ ಮಾಡಿದೆವು. ಬೊಂಬೆಯನ್ನು ಮೂರನೇ ಮಂಚದ ಮೇಲೆ ಮಲಗಿಸಿ ಕರೆಗಂಟೆ ಒತ್ತಿದೆ. ಓಡಿಬಂದವಳು ಐದಡಿಯೂ ಇಲ್ಲದ ಹುಡುಗಿ. ಮಂಚ ಎತ್ತರ, ಕೈ ನೇರವಾಗಿ ಇಳಿಯಲೊಲ್ಲದು. ಕಾಲಿಗೆ ಸ್ಟೂಲು ಹುಡುಕಿದಳು. ಸ್ಟೂಲು ಇಂಜೆಕ್ಷನ್ ರೂಮಿನಲ್ಲಿತ್ತು, ರೂಮಿಗೆ ಬೀಗ, ಬೀಗದ ಕೈ ಹಗಲು ಡ್ಯೂಟಿಯವರ ಜೇಬಿನಲ್ಲಿ ಮನೆಗೆ ಹೋಗಿತ್ತು. ಕೊನೆಗೆ ಮಂಚದ ಮೇಲೆಯೇ ಹತ್ತಿ ಮೊಣಕಾಲೂರಿ ಒತ್ತಿದಳು. ಆಳ ಸರಿ, ವೇಗ ಸರಿ, ಶುರುವಾದದ್ದು ತಡ. ನಮೂನೆಯಲ್ಲಿ ಅವಳ ಹೆಸರಿನ ಮುಂದೆ ‘ತಡ’ ಎಂದು ಬರೆಯಬೇಕಿತ್ತು. ನಾನು ಸ್ಟೂಲಿನ ಹೆಸರು ಬರೆದೆ. ಮೇಲಿನವರಿಗೆ ಅದು ಇಷ್ಟವಾಗಲಿಲ್ಲ. ಮರುದಿನ ಸ್ಟೂಲಿಗೆ ಸರಪಳಿ ಹಾಕಿ ಮೂರನೇ ಮಂಚಕ್ಕೇ ಕಟ್ಟಿದರು.

ಆದ್ದರಿಂದ ನರ್ಸನ್ನು ಅಳೆಯುವ ಹಾಳೆಯ ಹಿಂದಿನ ಪುಟದಲ್ಲಿ ವಾರ್ಡನ್ನು ಅಳೆಯುವ ಕಾಲಮ್ಮುಗಳಿರಲಿ. ಆ ಪಾಳಿಯಲ್ಲಿ ಎಷ್ಟು ರೋಗಿಗಳಿದ್ದರು, ಎಷ್ಟು ಜನ ನರ್ಸ್‌ಗಳಿದ್ದರು, ಮಾನಿಟರ್ ನಡೆಯುತ್ತಿತ್ತೇ, ಗಾಜಿನ ಟ್ಯೂಬು ಇತ್ತೇ. ಮಾನ್ಯತೆಯ ತಂಡ ಬರುವ ಹಿಂದಿನ ದಿನ ಒಂದೇ ಪೆನ್ನಿನಲ್ಲಿ ನಲವತ್ತು ಜನರ ಸಾಮರ್ಥ್ಯಕ್ಕೆ ಟಿಕ್ ಹಾಕುವ ಕಡತಗಳನ್ನು ನಾನು ನೋಡಿದ್ದೇನೆ, ಹಾಕಿಸಿಕೊಂಡೂ ಇದ್ದೇನೆ. ಸುಳ್ಳು 20ಕ್ಕೂ ಆ ಟಿಕ್‌ಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಒಬ್ಬಳೇ ಮೂವತ್ತು ಜನರನ್ನು ನೋಡುವಾಗ ಪೂರ್ತಿ ಒಂದು ನಿಮಿಷ ಎಣಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಆಗ ಕಾಲಮ್ಮನ್ನು ಖಾಲಿ ಬಿಡಿ. ಖಾಲಿ ಜಾಗ ನಿಜ ಹೇಳುತ್ತದೆ, ಆ ಖಾಲಿಗೆ ಉತ್ತರ ಕೊಡಬೇಕಾದವರು ಬೇರೆ ಇದ್ದಾರೆ. ಖಾಲಿ ಬಿಟ್ಟವಳಿಗೆ ಮೆಮೊ ಕೊಟ್ಟರೆ ಮಾರನೇ ದಿನದಿಂದ ಮತ್ತೆ 20.

ಪರೀಕ್ಷಕರು ಯಾರಾಗಬೇಕೆಂದು ಈ ಕಾರ್ಯಕ್ರಮದ ಕಾರ್ಯದರ್ಶಿಯವರು ಮೊದಲೇ ಕೇಳಿದ್ದರು. ಕಳೆದ ಒಂದು ವರ್ಷದಲ್ಲಿ ಕ್ಯಾಷುವಾಲ್ಟಿಯ ರಾತ್ರಿ ಪಾಳಿ ಮಾಡಿರುವವರು ಮಾತ್ರ. ಆ ಲೆಕ್ಕದಲ್ಲಿ ನಿವೃತ್ತಳಾದ ನನಗೂ ಅರ್ಹತೆ ಇಲ್ಲ, ಈ ವೇದಿಕೆಯ ಮೇಲಿರುವ ಬಹಳ ಜನರಿಗೂ ಇಲ್ಲ. ಬೇಸರ ಮಾಡಿಕೊಳ್ಳಬೇಡಿ.

ನಿಗದಿಯ ಹೊತ್ತು ಮೀರಿದೆ. ಪ್ರಶ್ನೆಗಳಿದ್ದರೆ ಕೇಳಿ. ಕೊನೆಯ ಸಾಲಿನಲ್ಲಿ ಕೂತಿರುವ ನಾಲ್ವರಿಗೆ ಎಂಟು ಗಂಟೆಗೆ ನೈಟ್ ಡ್ಯೂಟಿ ಇದೆ. ಅವರದು ಮೊದಲು.